ಕಿರುರೈಲು ಸಂಗ್ರಹಶಾಸ್ತ್ರ: ಕಲಬುರಗಿ ಸಂಪ್ರದಾಯಕ್ಕೊಂದು ಪೀಠಿಕೆ

ಶಾಸ್ತ್ರಗ್ರಂಥಕ್ಕೆ ಕೈಹಾಕುವವರು ಮೊದಲು ನಾಲ್ಕು ಮಾತು ಹೇಳಿಬಿಡಬೇಕೆಂಬುದು ಪೂರ್ವಸೂರಿಗಳ ಕಟ್ಟಪ್ಪಣೆ: ವಿಷಯ ಯಾವುದು, ಪ್ರಯೋಜನವೇನು, ಎರಡಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು. ವಿಷಯ, ಕಿರುರೈಲುಗಳನ್ನು ಕೊಳ್ಳುವುದು ಮತ್ತು ಕೂಡಿಡುವುದು. ಪ್ರಯೋಜನ ಇಲ್ಲ. ಪ್ರಯೋಜನವೇ ಇಲ್ಲದ ಮೇಲೆ ಸಂಬಂಧದ ಪ್ರಶ್ನೆ ಏಳುವುದಿಲ್ಲ. ಇನ್ನು ಅಧಿಕಾರಿ: ಬೀಗ ಹಾಕಬಹುದಾದ ಒಂದು ಅಲಮಾರಿ, ಪಾರ್ಸೆಲ್ ತರಿಸಿಕೊಳ್ಳಲು ಮನೆಯದಲ್ಲದ ಒಂದು ವಿಳಾಸ, ಎರಡೂ ಉಳ್ಳ ಕಲಬುರಗಿಯ ಗೃಹಸ್ಥ. ಬ್ರಹ್ಮಚಾರಿಗೆ ಇಲ್ಲಿ ಅಧಿಕಾರವಿಲ್ಲ. ಡಬ್ಬಿ ಬಚ್ಚಿಡುವ ಪ್ರಸಂಗವೇ ಅವನಿಗೆ ಒದಗದ ಕಾರಣ ಸಾಧನೆ ಅರ್ಧಕ್ಕೇ ನಿಲ್ಲುತ್ತದೆ.

ಪೂರ್ವಪಕ್ಷದವರ ಆಕ್ಷೇಪ ಹೀಗಿದೆ. ಹೋಳಿಯ ಬೆನ್ನಿಗೇ ಬರುವ ಶರಣಬಸವೇಶ್ವರರ ಜಾತ್ರೆಯಲ್ಲಿ ಚಾವಿ ತಿರುಗಿಸಿದರೆ ಗಿರಗಿರ ಸುತ್ತುವ ತಗಡಿನ ರೈಲು ಸಿಗುತ್ತಿತ್ತಲ್ಲ, ಅದಕ್ಕೂ ಇದಕ್ಕೂ ಏನು ಭೇದ? ಉತ್ತರ ಸುಲಭ. ಜಾತ್ರೆಯ ರೈಲು ಓಡುತ್ತದೆ. ಸಂಗ್ರಹದ ರೈಲು ಓಡಬಲ್ಲದು, ಆದರೆ ಓಡುವುದಿಲ್ಲ. ಡಬ್ಬಿಯ ಅಂಟುಪಟ್ಟಿ ಒಮ್ಮೆ ಕಿತ್ತರೆ ಬೆಲೆ ಬಿತ್ತೆಂದೇ ಲೆಕ್ಕ. ಆದ್ದರಿಂದ ಮಾಲೀಕನೂ ಡಬ್ಬಿಯ ಮೇಲಿನ ಚಿತ್ರ ನೋಡಿಯೇ ತೃಪ್ತನಾಗತಕ್ಕದ್ದು. ಒಳಗೆ ಎಂಜಿನ್ ಇದೆ ಎಂಬುದು ಪ್ರತ್ಯಕ್ಷದಿಂದ ತಿಳಿಯುವುದಲ್ಲ, ಅಲ್ಲಾಡಿಸಿ ಅನುಮಾನದಿಂದ ತಿಳಿಯುವುದು.

ಇತಿಹಾಸವನ್ನು ಬೇಗ ಮುಗಿಸೋಣ. ಮುಂಬೈ ಕಡೆಯ ಜಿಐಪಿ ರೈಲ್ವೆಯೂ ಮದ್ರಾಸ್ ರೈಲ್ವೆಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಆ ಹಳಿ ಕಲಬುರಗಿಯನ್ನು ಹಾದೇ ಹೋಗಿದೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ ಆಟದ ರೈಲಿಗೆ ಗೊತ್ತಾದ ಅಳತೆಗಳನ್ನು ಕಟ್ಟಿಕೊಟ್ಟು ಲೈಪ್ಜಿಗ್ ಸಂತೆಗೆ ತಂದದ್ದು 1891ರಲ್ಲಿ. ಅಂದರೆ ನಮ್ಮೂರಿಗೆ ದೊಡ್ಡ ರೈಲು ಇಪ್ಪತ್ತು ವರ್ಷ ಮೊದಲೇ ಬಂದಿತ್ತು. ಸಣ್ಣದು ಇನ್ನೂ ದಾರಿಯಲ್ಲಿದೆ.

ಈಗ ಶಾಸ್ತ್ರದ ಕಠಿಣ ಭಾಗ. ಎಚ್‌ಓ ಎಂಬ ಅಳತೆಯಲ್ಲಿ ಎಲ್ಲವೂ 87ನೆಯ ಒಂದು ಪಾಲು. ಎನ್‌ನಲ್ಲಿ 160ನೆಯದು. 1972ರಲ್ಲಿ ಮಾರ್ಕ್ಲಿನ್ ತಂದ ಜಡ್‌ನಲ್ಲಿ 220ನೆಯದು. ಆ ಎಂಜಿನ್ ಒಮ್ಮೆ ಕಸಬರಿಗೆಗೆ ಸಿಕ್ಕಿತೆಂದರೆ ಮೊರ ಜಾಲಾಡಿದರೂ ಸಿಗದು. ಜಗತ್ತೆಲ್ಲ ಹೆಚ್ಚು ಕೊಳ್ಳುವುದು ಎಚ್‌ಓ. ಅದರ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್, ಯುರೋಪಿನ 1435 ಮಿಲಿಮೀಟರ್ ಹಳಿಗೆ ಸರಿಯಾಗಿ ಕೂಡುತ್ತದೆ. ನಮ್ಮ ಬ್ರಾಡ್‌ಗೇಜ್ 1676. ಭಾಗಿಸಿದರೆ 19.26 ಮಿಲಿಮೀಟರ್ ಬರಬೇಕು. ಆದರೆ ಡಬ್ಲ್ಯುಡಿಎಂ-2 ಎಂಜಿನ್ನಿನ ಮಾದರಿಯನ್ನು ಎಷ್ಟೇ ನಿಷ್ಠೆಯಿಂದ ಮಾಡಲಿ, ಅದು ನಿಲ್ಲುವುದು 16.5ರ ಹಳಿಯ ಮೇಲೇ. ಹೀಗೆ ಭಾರತೀಯ ಸಂಗ್ರಾಹಕನ ಪ್ರತಿಯೊಂದು ರೈಲೂ ಹುಟ್ಟಿನಿಂದಲೇ ಮೂರು ಮಿಲಿಮೀಟರಿನಷ್ಟು ಧರ್ಮಭ್ರಷ್ಟ.

ಇಲ್ಲಿ ಸಂಪ್ರದಾಯ ಎರಡಾಗಿ ಒಡೆದಿದೆ. ಕರ್ಮಠರು ತಾವೇ 19.26ರ ಹಳಿ ಕಟ್ಟುತ್ತೇವೆಂದು ಹೊರಟು, ಅದಕ್ಕೆ ತಕ್ಕ ಗಾಲಿ ಮತ್ತು ಅಚ್ಚು ಎಲ್ಲೂ ಸಿಗದೆ ವೈರಾಗ್ಯ ಹೊಂದುತ್ತಾರೆ. ಉದಾರವಾದಿಗಳ ಮತ ಬೇರೆ: ರೈಲನ್ನು ಯಾವಾಗಲೂ ಪಕ್ಕದಿಂದ ನೋಡಬೇಕು, ಎದುರಿನಿಂದ ನೋಡಬಾರದು. ನಿಜವಾದ ರೈಲಿಗೂ ಈ ಎಚ್ಚರಿಕೆ ಒಳ್ಳೆಯದೇ ಆದ್ದರಿಂದ ಪ್ರಸ್ತುತ ಗ್ರಂಥ ಉದಾರವಾದಿಗಳ ಕಡೆಗಿದೆ.

ಸುಂಕದ ಮೀಮಾಂಸೆಗೆ ಬಂದರೆ ಸಂಗ್ರಾಹಕನ ತರ್ಕಶಕ್ತಿ ಪೂರ್ಣ ಅರಳುತ್ತದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರಿಂದ ಆಟಿಕೆಗೆ ಐಎಸ್‌ಐ ಮುದ್ರೆಯೂ ಬೇಕು. ಆದ್ದರಿಂದ ಕಸ್ಟಮ್ಸ್ ಕಚೇರಿಗೆ ಬರೆದ ಅರ್ಜಿಯಲ್ಲಿ ಸಂಗ್ರಾಹಕ ಹೇಳುತ್ತಾನೆ: ಮಾನ್ಯರೇ, ಇದು ಆಟಿಕೆಯಲ್ಲ, ಅಳತೆಗೆ ಇಳಿಸಿದ ಗಂಭೀರ ಮಾದರಿ. ಅದೇ ಸಂಜೆ ಮನೆಯಲ್ಲಿ ಹೇಳುತ್ತಾನೆ: ಏ, ಇದೇನ್ ಭಾಳ ರೊಕ್ಕದ್ದಲ್ಲ ಬಿಡು, ಹುಡುಗ್ರ ಆಟಿಗಿ ಸಾಮಾನ. ಒಂದೇ ವಸ್ತು ಆಟಿಕೆಯೂ ಹೌದು, ಅಲ್ಲವೂ ಹೌದು ಎಂಬ ಈ ಸಿದ್ಧಾಂತವನ್ನು ಸ್ಯಾದ್ವಾದಿಗಳು ಮೆಚ್ಚಿಯಾರು, ಕಸ್ಟಮ್ಸಿನವರು ಮೆಚ್ಚುವುದಿಲ್ಲ. ಅವರ ಪಟ್ಟಿಯ 9503ನೆಯ ಶೀರ್ಷಿಕೆ ಆಟಿಕೆಯನ್ನೂ ಅಳತೆಯ ಮಾದರಿಯನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ. ಮಾದರಿ ಕೆಲಸ ಮಾಡುವಂಥದ್ದಾಗಲಿ ಅಲ್ಲದ್ದಾಗಲಿ, ಎರಡೂ ಅದರೊಳಗೇ ಬರುತ್ತವೆ. ಓಡದ ರೈಲುಗಳ ಸಂಗ್ರಾಹಕರನ್ನು ಮೊದಲೇ ಕಂಡವರಂತೆ ಬರೆದ ಈ ವಾಕ್ಯಕ್ಕೆ ನಮ್ಮ ಸಾಷ್ಟಾಂಗ.

ಬಣ್ಣದ ವಿಚಾರವೂ ಸರಳವಲ್ಲ. ನಮ್ಮೂರ ರೈಲ್ವೆಯ ಎಂಜಿನ್ನೇ ಬೇಕೆಂದು ಹಟ ಹಿಡಿದ ಕಲಬುರಗಿಯವನು ನೈರುತ್ಯ ರೈಲ್ವೆಯ ಹೆಸರು ಬರೆದದ್ದನ್ನು ಹುಡುಕಿದರೆ ಮೋಸ ಹೋದಂತೆ. ಹುಬ್ಬಳ್ಳಿಯ ಆ ವಲಯಕ್ಕೂ ಕಲಬುರಗಿ ನಿಲ್ದಾಣಕ್ಕೂ ಸಂಬಂಧವಿಲ್ಲ. ಇದು ಮಧ್ಯ ರೈಲ್ವೆ, ಸೊಲ್ಲಾಪುರ ವಿಭಾಗ. ಮುಖ್ಯ ಕಚೇರಿ ಮುಂಬೈ. ಖರ್ಗೆಯವರು ರೈಲ್ವೆ ಸಚಿವರಾಗಿದ್ದಾಗ ಕಲಬುರಗಿಗೇ ಒಂದು ವಿಭಾಗ ಘೋಷಣೆಯಾಯಿತು, ನಿಜ. ಹತ್ತು ವರ್ಷ ದಾಟಿದ ಮೇಲೂ ಅದು ಡಬ್ಬಿಯಿಂದ ಹೊರಬಂದಿಲ್ಲ. ಬಿಚ್ಚದಿದ್ದರೆ ಬೆಲೆ ಉಳಿಯುತ್ತದೆಂಬ ನಮ್ಮ ತತ್ತ್ವವನ್ನು ರೈಲ್ವೆ ಮಂಡಳಿಯೂ ಒಪ್ಪಿದೆಯೆಂದೇ ತಿಳಿಯಬೇಕು.

ಗ್ರಂಥದ ಮುಖ್ಯ ಪ್ರತಿಪಾದನೆ ಇದೇ: ಕಲಬುರಗಿಯ ಸಂಗ್ರಾಹಕ ಮಾರ್ಕ್ಲಿನ್ನನ ಶಿಷ್ಯನಲ್ಲ, ರೈಲ್ವೆ ಬಜೆಟ್ಟಿನ ಶಿಷ್ಯ. ಬೀದರ್–ಕಲಬುರಗಿ ಮಾರ್ಗವನ್ನೇ ನೋಡಿ. 110 ಕಿಲೋಮೀಟರ್. 1997-98ರಲ್ಲಿ ಮಂಜೂರಾಗಿ, ಪ್ರಧಾನಿ ಬೀದರಿಗೆ ಬಂದು ಉದ್ಘಾಟಿಸಿದ್ದು 2017ರ ಅಕ್ಟೋಬರ್ 29ರಂದು. ಈ ನಡುವೆ ಬೆಳೆದ ಹುಡುಗನ ಮನಸ್ಸಿನಲ್ಲಿ ರೈಲೆಂದರೆ ಓಡುವ ವಸ್ತುವಲ್ಲ, ಬರಲಿರುವ ವಸ್ತು. ದೊಡ್ಡವನಾಗಿ ಅವನು ಮನೆಯಲ್ಲಿ ಲೇಔಟ್ ಕಟ್ಟುವ ಕ್ರಮವೂ ಅದೇ. ಮೊದಲು ಘೋಷಣೆ, ಅದೂ ದೀಪಾವಳಿ ಬೋನಸ್ಸಿನ ದಿನ. ಆಮೇಲೆ ಟೇಪು ಹಿಡಿದು ಸರ್ವೆ. ಆಮೇಲೆ ಭೂಸ್ವಾಧೀನ: ಪಡಸಾಲೆಯಲ್ಲಿ ಅವ್ವನ ಹೊರಸು ಇದ್ದ ಜಾಗ. ಅವ್ವ ಪರಿಹಾರ ಕೇಳಲಿಲ್ಲ, ಎದ್ದೇಳಲೂ ಇಲ್ಲ. ಯೋಜನೆಯ ಮರುಪರಿಶೀಲನೆ ನಡೆದು ಹಳಿ ಅಡುಗೆಮನೆಯ ಹೊರಗಿನ ಶಹಾಬಾದ್ ಫರ್ಸಿಯ ಮೇಲೆ ಬಂತು.

ಆ ಪ್ರಯೋಗ ಸ್ವಲ್ಪ ವಿವರಕ್ಕೆ ಅರ್ಹ. ಹಳಿಯ ಕೆಳಗೆ ಜಲ್ಲಿ ಬೇಕು. ಎಚ್‌ಓಗೆ ತಕ್ಕ ಜಲ್ಲಿಯ ಪೊಟ್ಟಣವೊಂದಕ್ಕೆ ಹೊರದೇಶದವರು ಕೇಳುವ ಬೆಲೆಯಲ್ಲಿ ಇಲ್ಲಿ ಒಂದು ಟ್ರ್ಯಾಕ್ಟರ್ ನಿಜವಾದ ಜಲ್ಲಿಯೇ ಬಂದೀತು ಎನಿಸಿ, ಸಂಗ್ರಾಹಕ ಸ್ವದೇಶಿ ಮಾರ್ಗ ಹಿಡಿದ. ಜೋಳದ ನುಚ್ಚನ್ನು ಜರಡಿಯಾಡಿ, ಬೂದಿ ಬಣ್ಣ ಕಲಸಿ, ಚಮಚದಿಂದ ಹಳಿಯ ನಡುವೆ ಸುರಿದು, ಹಲ್ಲುಜ್ಜುವ ಬ್ರಶ್ಶಿನಿಂದ ಸಮ ಮಾಡಿದ. ನೋಡಲು ವಾಡಿ ಜಂಕ್ಷನ್ನಿನ ಯಾರ್ಡೇ. ಮರುದಿನ ಬೆಳಗ್ಗೆ ಹೆಂಡತಿಯ ಕೂಗು: “ಏನ್ರೀ, ಇರವಿ ಹತ್ತ್ಯಾವ್ ನೋಡ್ರಿ ನಿಮ್ಮ ರೈಲಿಗಿ!” ಫರ್ಸಿಯ ಸಂದಿನಿಂದ ಹೊರಟ ಸಾಲು ಪ್ಲಾಟ್‌ಫಾರ್ಮ್ ಹತ್ತಿ, ಡಬ್ಬಿಗಳನ್ನು ಹೊಕ್ಕು, ನುಚ್ಚಿನ ಸಮೇತ ಇನ್ನೊಂದು ಬಾಗಿಲಿನಿಂದ ಇಳಿಯುತ್ತಿತ್ತು. ಸಂಗ್ರಹದ ಚರಿತ್ರೆಯಲ್ಲಿ ಆ ಗಾಡಿಗೆ ಪ್ರಯಾಣಿಕರು ಸಿಕ್ಕಿದ್ದು ಅದೊಂದೇ ಸಲ, ಅದೂ ಟಿಕೆಟ್ ಇಲ್ಲದವರು.

ಓಡುವ ಕಿರುರೈಲು ಇಲ್ಲವೇ ಇಲ್ಲವೆಂದು ಯಾರೂ ತಿಳಿಯಬಾರದು. ಪುಣೆಯ ಕೋಥ್ರೂಡಿನಲ್ಲಿ ಭಾವು ಜೋಶಿಯವರು ಕಟ್ಟಿದ ಕಿರುರೈಲು ಸಂಗ್ರಹಾಲಯ 1998ರ ಏಪ್ರಿಲ್ 1ರಂದು ತೆರೆಯಿತು; ತಾರೀಖು ನೋಡಿ ಸಂಶಯ ಬೇಡ, ಖರೇನೇ ಇದೆ. ಅಲ್ಲಿ ಗಾಡಿಗಳು ಓಡುತ್ತವೆ, ಸಿಗ್ನಲ್ ಬೀಳುತ್ತವೆ. ಕಲಬುರಗಿಯಿಂದ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಹೋಗಿ ನೋಡಿದ ಸಂಗ್ರಾಹಕರು ಬಹಳ ಸಂತೋಷಪಟ್ಟು ಮರಳುತ್ತಾರೆ, ಮರಳಿ ಇನ್ನೊಂದು ಡಬ್ಬಿ ತರಿಸುತ್ತಾರೆ.

ಕೊನೆಗೆ ಕಮಲಾಪುರ ಶಾಖೆ. ಊರಲ್ಲಿ ಜಾಗವಿಲ್ಲದ ಮೇಲೆ ಮಾವನ ಮನೆಯ ದೊಡ್ಡ ಕೋಣೆ ಶಾಸ್ತ್ರಸಮ್ಮತ. ಬೀದರ್ ಮಾರ್ಗ ಕಮಲಾಪುರದ ಮೇಲೇ ಹೋಗುವುದರಿಂದ ಅದನ್ನೇ ಕಟ್ಟುವುದೆಂದು ಗೊತ್ತಾಯಿತು. ಲೆಕ್ಕ ಹಾಕಿದರೆ 110 ಕಿಲೋಮೀಟರ್ ಎಚ್‌ಓದಲ್ಲಿ ಒಂದೂಕಾಲು ಕಿಲೋಮೀಟರ್ ದಾಟುತ್ತದೆ. ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಮರಗುತ್ತಿ ಸುರಂಗವೊಂದೇ ಹದಿನೇಳು ಮೀಟರ್ ಮೀರುತ್ತದೆ. ಕೋಣೆಯ ಗೋಡೆ ಒಡೆದು ಪಕ್ಕದವರ ಕೊಟ್ಟಿಗೆಯಲ್ಲಿ ಹೊರಬೀಳಬೇಕು. ಮಾವ ಎಲ್ಲ ಕೇಳಿ, “ಅಳಿಯಂದಿರ, ಎಂಜಿನ್ ಅದ ಖರೆ. ಹಾದಿ ಎಲ್ಲದ?” ಎಂದರು. “ನಮ್ಮ ಹೊಲದ ಬಾಜೂಕ ಕಲ್ಲ ಹುಗದ್ ಹೋಗಿದ್ರು. ಗಾಡಿ ಬರ್ಲಾಕ ನಮ್ ಕೂದ್ಲ ಬೆಳ್ಳಗಾತು.”

ಅಷ್ಟರಲ್ಲಿ ಅತ್ತೆ ಊರಿನ ಹೆಸರಾಂತ ಕೆಂಪು ಬಾಳೆಹಣ್ಣಿನ ಚಿಪ್ಪು ತಂದು ಹಲಗೆಯ ಮೇಲೆ ಗೂಡ್ಸ್ ಗಾಡಿಯ ಪಕ್ಕದಲ್ಲೇ ಇಟ್ಟರು. ಶಾಸ್ತ್ರಕಾರನಾದವನು ಇಂಥ ಅವಕಾಶ ಬಿಡಬಾರದು. ಹದಿನೈದು ಸೆಂಟಿಮೀಟರಿನ ಹಣ್ಣು 87ರಿಂದ ಗುಣಿಸಿದರೆ 13 ಮೀಟರ್. ಕಲ್ಲಿದ್ದಲು ಹೊರುವ ಬಾಕ್ಸ್‌ಎನ್ ವ್ಯಾಗನ್ 10.7 ಮೀಟರ್. ಅಂದರೆ ಕಮಲಾಪುರದ ಒಂದು ಬಾಳೆಹಣ್ಣನ್ನು ಸಾಗಿಸಲು ಭಾರತೀಯ ರೈಲ್ವೆಯ ಒಂದು ವ್ಯಾಗನ್ ಸಾಲದು. ಅತ್ತೆಗೆ ಇದನ್ನು ವಿವರಿಸಿದಾಗ, “ತಿನ್ರಿ ಮೊದ್ಲ, ಕರ್ರಗಾತದ” ಎಂದಷ್ಟೇ ಹೇಳಿದರು.

ಸರ್ವೆ ಮುಗಿಯಿತು. ಹಲಗೆ ಕೊಯ್ಸಲು ಮುಂಗಡವೂ ಹೋಯಿತು. ಸಂಕ್ರಾಂತಿಗೆ ಬಂದು ನೋಡಿದರೆ ಕೋಣೆಯಲ್ಲಿ ನೆಲದಿಂದ ತೊಲೆಯವರೆಗೆ ತೊಗರಿ ಚೀಲ.

“ಮಾವ, ಇವು ಯಾವಾಗ ಗಂಜ್ ಮಾರ್ಕೆಟಿಗಿ ಹೋಗ್ತಾವ್ರಿ?”

“ರೇಟ್ ಬಂದಿಲ್ರಿ ಇನ್ನಾ. ಈಗ ಚೀಲ ಬಿಚ್ಚಿದ್ರ ಲುಕ್ಸಾನ.”

ಸ್ವಂತ ಸಿದ್ಧಾಂತವನ್ನೇ ಎದುರಿಗಿಟ್ಟ ಮೇಲೆ ಅಳಿಯನಿಗೆ ಖಂಡನೆ ಹೊಳೆಯಲಿಲ್ಲ.