ಸೊಪ್ಪು, ಸತು ಮತ್ತು ಸಹಿ: ಒಂದು ಮಹಾಪ್ರಬಂಧದ ಸಾರಲೇಖ

ಸತುವಿನ ಆಕ್ಸೈಡಿನ ನ್ಯಾನೋಕಣಗಳ ಬಗ್ಗೆ ರಾಶಿ ರಾಶಿ ಪ್ರಬಂಧಗಳು ಬಂದಿವೆ. ಆ ಕಣಗಳನ್ನು ತಯಾರಿಸುವ ಸಂಶೋಧನಾ ವಿದ್ಯಾರ್ಥಿ ಎಂಬ ಜೀವಿಯ ಬಗ್ಗೆ ಬಂದಿರುವುದು ತೀರ ಕಡಿಮೆ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. (ಪ್ರತಿ ಪ್ರಬಂಧವೂ ಒಂದು ಕೊರತೆಯನ್ನು ತುಂಬಲೇಬೇಕು, ಕೊರತೆ ಸಿಗದಿದ್ದರೆ ಮೊದಲು ಅದನ್ನು ತೋಡಿಕೊಳ್ಳತಕ್ಕದ್ದು.) ಅಧ್ಯಯನದ ವ್ಯಾಪ್ತಿ: ಕರ್ನಾಟಕದ ವಿಶ್ವವಿದ್ಯಾಲಯಗಳ ಭೌತ ಮತ್ತು ರಸಾಯನ ವಿಭಾಗಗಳಲ್ಲಿ ಮಫಲ್ ಫರ್ನೇಸ್ (ಕುಲುಮೆ) ಇರುವ ಹಿಂಬದಿಯ ಕೋಣೆ.

ಮೊದಲು ಪೂರ್ವಸೂರಿಗಳ ಸ್ಮರಣೆ. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಜೆ. ಕಿಂಗ್ಸ್‌ಲಿ ಮತ್ತು ಕೆ. ಸಿ. ಪಾಟೀಲರು ಅಲ್ಯೂಮಿನಿಯಂ ನೈಟ್ರೇಟನ್ನು ಯೂರಿಯಾ ಜೊತೆ ನೀರಿನಲ್ಲಿ ಕರಗಿಸಿ, 500 ಡಿಗ್ರಿಯ ಫರ್ನೇಸಿನಲ್ಲಿಟ್ಟರು. ದ್ರಾವಣ ಕುದಿಯಿತು, ನೊರೆಯಾಯಿತು, ಹೊತ್ತಿಕೊಂಡಿತು. ಕೆಲವೇ ನಿಮಿಷಗಳಲ್ಲಿ ಪಾತ್ರೆಯ ತುಂಬ ಅರಳಿದ ಬಿಳಿಯ ಅಲ್ಯೂಮಿನಾ. ಗಂಟೆಗಟ್ಟಲೆ ಕಡುಬಿಸಿಯಲ್ಲಿ ಬೇಯಿಸಿ ಮಾಡುತ್ತಿದ್ದುದನ್ನು ಹೊಲಕ್ಕೆ ಹಾಕುವ ಗೊಬ್ಬರದ ನೆರವಿನಿಂದ ಥಟ್ಟನೆ ಮಾಡಿ ತೋರಿಸಿದ ಆ 'ದಹನ ಸಂಶ್ಲೇಷಣೆ' ವಿಧಾನ ಲೋಕವನ್ನೆಲ್ಲ ಸುತ್ತಿತು. ಈ ಪ್ಯಾರಾದಲ್ಲಿ ಅಣಕವಿಲ್ಲ.

ಆಮೇಲೆ ಅಲ್ಯೂಮಿನಿಯಂ ಜಾಗಕ್ಕೆ ಸತು, ಯೂರಿಯಾದ ಜಾಗಕ್ಕೆ ಸೊಪ್ಪು ಬಂತು. ಸೊಪ್ಪಿನ ರಸದಲ್ಲಿ ಸಕ್ಕರೆ, ಪಾಲಿಫಿನಾಲು ಇತ್ಯಾದಿ ಉರಿಯುವ ವಸ್ತುಗಳಿರುವುದರಿಂದ ಅದೂ ಇಂಧನವಾಗುತ್ತದೆ. ತಯಾರಿಕೆಗೆ 'ಹಸಿರು' ಎಂಬ ಬಿರುದೂ ಸಿಗುತ್ತದೆ. ಫರ್ನೇಸಿನಿಂದ ಹೊರಡುವ ನೈಟ್ರೋಜನ್ ಆಕ್ಸೈಡಿನ ಕಂದು ಹೊಗೆಗೆ ಈ ಹಸಿರಿನ ಸುದ್ದಿ ಇನ್ನೂ ಮುಟ್ಟಿಲ್ಲ. ಬೇವು, ತುಳಸಿ, ಹೊಂಗೆ, ನುಗ್ಗೆ ಎಲ್ಲವೂ ಸರದಿಯಲ್ಲಿ ಫರ್ನೇಸ್ ಹೊಕ್ಕು ಬಂದವು. ಗುಣಾಕಾರ ಸರಳ: ನೂರು ಗಿಡ, ಐದು ಲೋಹ, ಪುಡಿಯಿಂದ ಅಳಿಸಲು ನಾಲ್ಕು ಬಣ್ಣ, ಕೊಲ್ಲಲು ಎರಡು ಬ್ಯಾಕ್ಟೀರಿಯಾ ಎಂದಿಟ್ಟುಕೊಂಡರೆ 4,000 ಪ್ರಬಂಧ. ಎಲೆ, ತೊಗಟೆ, ಬೇರು, ಸಿಪ್ಪೆಗಳನ್ನು ಬೇರೆ ಬೇರೆ ಹಿಡಿದರೆ 16,000. ಪಶ್ಚಿಮ ಘಟ್ಟದ ಸಸ್ಯವೈವಿಧ್ಯವನ್ನು ಏಕೆ ಉಳಿಸಿಕೊಳ್ಳಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ವಾದವನ್ನು ಯಾವ ಪರಿಸರವಾದಿಯೂ ಮಂಡಿಸಿಲ್ಲ.

ಈಗ ಫಲಿತಾಂಶ. ಫರ್ನೇಸಿನಿಂದ ಬಂದ ಪುಡಿಯನ್ನು ಎಕ್ಸ್-ಕಿರಣಕ್ಕೆ ಒಡ್ಡಬೇಕು (ಇದೇ ಎಕ್ಸ್‌ಆರ್‌ಡಿ). ತಾಮ್ರದ ಕಿರಣ, ತರಂಗದೂರ 1.5406 ಆಂಗ್‌ಸ್ಟ್ರಾಂ. ಹಾಳೆಯ ಮೇಲೆ ಏಳುವ ಶಿಖರಗಳು ಸತುವಿನ ಆಕ್ಸೈಡಿನ ಪ್ರಮಾಣಿತ ಕಾರ್ಡ್ ಸಂಖ್ಯೆ 36-1451ಕ್ಕೆ ಕರಾರುವಾಕ್ಕಾಗಿ ಹೊಂದುತ್ತವೆ. ತುಂಬೆ ಹಾಕಿದರೂ ಹೊಂದುತ್ತವೆ, ದೊಡ್ಡಪತ್ರೆ ಹಾಕಿದರೂ ಹೊಂದುತ್ತವೆ. ಕಣದ ಗಾತ್ರ, ಆಕಾರ ಒಂದಿಷ್ಟು ಆಚೀಚೆ ಆದೀತು; ಸತುವಿನ ಆಕ್ಸೈಡ್ ಮಾತ್ರ ಸತುವಿನ ಆಕ್ಸೈಡೇ. ಇದನ್ನು ಪ್ರಬಂಧಕಾರ 'ಸೊಪ್ಪಿನ ಅಪ್ರಸ್ತುತತಾ ನಿಯಮ' ಎಂದು ಕರೆಯಬಯಸುತ್ತಾನೆ. ನಿಯಮಕ್ಕೆ ಇದುವರೆಗೆ ಅಪವಾದ ಕಂಡುಬಂದಿಲ್ಲ. ಅಪವಾದ ಕಂಡರೆ ಸ್ಯಾಂಪಲ್ ಕೆಟ್ಟಿದೆ ಎಂದು ಗೈಡ್ ಹೇಳುತ್ತಾರೆ.

ಪುಡಿ ಬೆಳಗಬೇಕಾದರೆ ಯೂರೋಪಿಯಂನಂಥ ವಿರಳ ಧಾತುವನ್ನು ಸೇರಿಸುತ್ತಾರೆ: 1, 3, 5, 7, 9 ಮೋಲ್ ಶೇಕಡ. ಬೆಸ ಸಂಖ್ಯೆಯೇ ಏಕೆ? ಮದುವೆ ಮನೆಯ ಮುಯ್ಯಿಯ ಹಾಗೆ ಇಲ್ಲಿಯೂ ಸರಿಸಂಖ್ಯೆ ಬರಕತ್ತಿಲ್ಲ ಎಂಬುದೊಂದೇ ಪ್ರಬಂಧಕಾರನಿಗೆ ಹೊಳೆದ ವಿವರಣೆ.

ಇನ್ನು ಉಪಯೋಗ. ಅನ್ವಯಿಕ ವಿಜ್ಞಾನವೆಂದ ಮೇಲೆ ಅನ್ವಯ ಬೇಕಲ್ಲವೆ? ಒಂದೇ ಚಮಚ ಪುಡಿ ನೀರಿನ ಬಣ್ಣ ತೆಗೆಯುತ್ತದೆ, ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಬೆರಳಚ್ಚು ತೋರಿಸುತ್ತದೆ, ಸೆನ್ಸರ್ ಆಗುತ್ತದೆ, ಕೊನೆಯ ಅಧ್ಯಾಯದಲ್ಲಿ ವಿದ್ಯುತ್ತನ್ನೂ ಕೂಡಿಡುತ್ತದೆ. ಬಣ್ಣ ಎಂದರೆ ಮೆಥಿಲೀನ್ ಬ್ಲೂ. ನೀರು ಎಂದರೆ ಬೀಕರಿನಲ್ಲಿರುವ 100 ಮಿಲಿಲೀಟರ್ ಡಿಸ್ಟಿಲ್ಡ್ ನೀರು. ಅತಿನೇರಳೆ ದೀಪದ ಕೆಳಗೆ ನೀಲಿ ಮಾಯವಾದ ಕೂಡಲೇ ನಾಡಿನ ಕೈಗಾರಿಕಾ ತ್ಯಾಜ್ಯದ ಸಮಸ್ಯೆ ಪರಿಹಾರವಾಯಿತೆಂದು ಬರೆಯಬಹುದು.

ಇಲ್ಲೊಂದು ಪೂರ್ವಪಕ್ಷ: ಹಾಗಿದ್ದರೆ ಬೆಂಗಳೂರಿನ ಬೆಳ್ಳಂದೂರು ಕೆರೆ ಏಕೆ ಕೊಳೆಯಾಗಿಯೇ ಉಳಿಯಿತು? 2017ರ ಫೆಬ್ರವರಿಯಲ್ಲಿ ಅದಕ್ಕೆ ಬೆಂಕಿಯೂ ಬಿತ್ತಲ್ಲ? ಸಿದ್ಧಾಂತ: ಮೊದಲು ನೊರೆ, ಆಮೇಲೆ ಜ್ವಾಲೆ, ಅಂತ್ಯದಲ್ಲಿ ಬೂದಿ. ಆದ್ದರಿಂದ ಅದು ಸಮಸ್ಯೆಯಲ್ಲ, ನಗರ ಮಟ್ಟದಲ್ಲಿ ನಡೆದ ದಹನ ಸಂಶ್ಲೇಷಣೆ. ಎಕ್ಸ್‌ಆರ್‌ಡಿ ತೆಗೆಸುವುದೊಂದು ಬಾಕಿ.

ಎಕ್ಸ್‌ಆರ್‌ಡಿ ತೆಗೆಸುವುದೆಂದರೇನು ಎಂಬುದಕ್ಕೆ ಕ್ಷೇತ್ರಕಾರ್ಯದಿಂದ ಒಂದು ಮಾದರಿ ಸಂವಾದ.

"ಏನಮ್ಮಾ, ಡಾಟಾ ಬಂತಾ?"

"ಇಲ್ಲ ಸರ್, ಚಿಲ್ಲರ್ ಕೆಟ್ಟಿದೆಯಂತೆ ಸರ್."

"ಹೋದ ತಿಂಗಳೂ ಅದೇ ಹೇಳಿದ್ಯಲ್ಲ?"

"ಹೋದ ತಿಂಗಳು ಯುಪಿಎಸ್ ಸರ್. ಈಗ ಚಿಲ್ಲರ್."

"ಸರಿ, ಬೆಂಗಳೂರಿಗೆ ಯಾರಾದ್ರೂ ಹೋಗೋರಿದ್ರೆ ಕೊಟ್ಟು ಕಳಿಸು. ಅಲ್ಲೀವರೆಗೂ ಪೇಪರ್ ಬರೀತಾ ಇರು."

ಡಾಟಾ ಬರುವ ಮೊದಲೇ ಪೇಪರ್ ಬರೆಯುವುದು ಹೇಗೆ ಎಂದು ಹೊರಗಿನವರು ಕೇಳಬಹುದು. ಅಪ್ರಸ್ತುತತಾ ನಿಯಮವನ್ನು ಮತ್ತೊಮ್ಮೆ ಓದತಕ್ಕದ್ದು. ತೊಡಕಿರುವುದು ಭಾಷೆಯಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಶೇಕಡ 10ರವರೆಗಿನ ಹೋಲಿಕೆ ಕ್ಷಮ್ಯ. ಅದೇ ಪುಡಿ, ಅದೇ ಫರ್ನೇಸ್, ಅದೇ ಬಿಸಿ, ಆದರೆ ವಾಕ್ಯ ಮಾತ್ರ ಹಿಂದೆ ಯಾರೂ ಬರೆದಿರಬಾರದು. ಹಾಗಾಗಿ 'ದ್ರಾವಣವನ್ನು ಕಲಕಲಾಯಿತು' ಎಂಬುದನ್ನು 'ದ್ರಾವಣವು ಕಲಕುವಿಕೆಗೆ ಒಳಗಾಯಿತು' ಎನ್ನುವ ಶ್ರಮದಲ್ಲಿ ಸಂಜೆಗಳು ಕಳೆಯುತ್ತವೆ. ನಮ್ಮ ವಿಜ್ಞಾನ ವಿಭಾಗಗಳಲ್ಲಿ ಹೊಸತನ ಎಂಬುದೇನಾದರೂ ಇದ್ದರೆ ಅದು ಈ ಸಂಜೆಗಳಲ್ಲಿದೆ.

ಶೀರ್ಷಿಕೆಯ ಮೂರನೆಯ ಧಾತು ಸಹಿ. ಆವರ್ತ ಕೋಷ್ಟಕದಲ್ಲಿ ಇದಕ್ಕೆ ಮನೆಯಿಲ್ಲ, ಆದರೆ ಇದಿಲ್ಲದೆ ಯಾವ ಕ್ರಿಯೆಯೂ ಮುಂದುವರಿಯದು. ಆರು ತಿಂಗಳಿಗೊಮ್ಮೆ ಪ್ರಗತಿ ವರದಿಗೆ ಸಹಿ, ಸಲಹಾ ಸಮಿತಿಯ ಸಹಿ, ಮನೆಬಾಡಿಗೆ ಭತ್ಯೆಗೆ ಸಹಿ. ಕಿರಿಯ ಸಂಶೋಧಕರ ಫೆಲೋಶಿಪ್ (ಜೆಆರ್‌ಎಫ್) 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದು ತಿಂಗಳಿಗೆ ಎಂಬುದು ಲೆಕ್ಕದ ಅನುಕೂಲಕ್ಕೆ. ಬರುವಾಗ ಕಂತಾಗಿ ಬರುತ್ತದೆ, ನಡುವೆ ಮೆಸ್ ಬಿಲ್ಲು ಮಾತ್ರ ತಪ್ಪದೆ ತಿಂಗಳಿಗೊಮ್ಮೆ ಬರುತ್ತದೆ. ಫೆಲೋಶಿಪ್ ಇಲ್ಲದವರ ಪಾಡು ಅಣಕಕ್ಕೆ ಒದಗುವಂಥದಲ್ಲ. ಅವರಲ್ಲಿ ಹಲವರು ಬೆಳಿಗ್ಗೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ ಮಧ್ಯಾಹ್ನ ಫರ್ನೇಸ್ ಹಚ್ಚುತ್ತಾರೆ.

ಯುಜಿಸಿಯ 2022ರ ನಿಯಮಾವಳಿ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ ಎಂದಿದೆ. ಮೇಲೆ ಎರಡು ವರ್ಷದ ರಿಯಾಯಿತಿಯೂ ಉಂಟು. ಥೀಸಿಸ್ ಕೊಡುವ ಮೊದಲು ಪೇಪರ್ ಪ್ರಕಟವಾಗಿರಲೇಬೇಕು ಎಂಬ ಷರತ್ತನ್ನೂ ಅದೇ ನಿಯಮಾವಳಿ ಕೈಬಿಟ್ಟಿತು. ಗೈಡ್‌ಗಳು ಕೈಬಿಡಲಿಲ್ಲ. ಬಡ್ತಿಯ ಅಂಕ, ವಿಭಾಗದ ಅಂಕ, ವಿಶ್ವವಿದ್ಯಾಲಯದ ರ‍್ಯಾಂಕು ಮೂರೂ ಪೇಪರ್ ಎಣಿಕೆಯ ಮೇಲೆ ನಿಂತಿರುವಾಗ ಅವರಾದರೂ ಏಕೆ ಬಿಟ್ಟಾರು? ಪಾಟೀಲರ ವಿಧಾನ ನಿಮಿಷಗಳಲ್ಲಿ ಪುಡಿ ಕೊಡುತ್ತದೆ. ಎಣಿಸುವವರಿಗೆ ಇಷ್ಟು ಅನುಕೂಲವಾದ ರಾಸಾಯನಿಕ ಕ್ರಿಯೆ ಇನ್ನೊಂದಿಲ್ಲ. ಪುಡಿ ಯಾರಿಗೆ ಬೇಕು ಎಂದು ಕೇಳುವ ಕಲಮು ಯಾವ ಫಾರಂನಲ್ಲೂ ಪ್ರಬಂಧಕಾರನ ಕಣ್ಣಿಗೆ ಬೀಳಲಿಲ್ಲ. ಸತುವಿನ ಆಕ್ಸೈಡು ಕ್ಯಾಲಮೈನ್ ಲೋಷನ್ನಾಗಿ ಔಷಧಿ ಅಂಗಡಿಯಲ್ಲಿ, ರಬ್ಬರಿಗೆ ಬೆರೆತು ಟೈರಿನಲ್ಲಿ ಎಂದಿನಿಂದಲೋ ತನ್ನ ಪಾಡಿಗೆ ದುಡಿಯುತ್ತಿದೆ.

ಮುಂದಿನ ಅಧ್ಯಯನಕ್ಕೆ ಸಾಮಗ್ರಿ ಬೇಕಾಗಿರುವುದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಹಿತ್ತಲಲ್ಲಿ ಇದುವರೆಗೆ ಯಾರೂ ಫರ್ನೇಸಿಗೆ ಹಾಕದ ಗಿಡವಿದ್ದರೆ ಹತ್ತಿರದ ವಿಶ್ವವಿದ್ಯಾಲಯಕ್ಕೆ ತಿಳಿಸಿ, ಒಂದು ಪಿಎಚ್.ಡಿ.ಗೆ ನೆರವಾಗಿ. ಕರಿಬೇವು ಬೇಡ, ಅದು ಆಗಿದೆ.