ಕೆಳಗ ಗೆರಿ ಹೊಡೀರಿ

"ಶಿಲೆಗಳಲ್ಲಿ ಮೂರು ವಿಧ. ಫುಲ್‌ಸ್ಟಾಪ್. ಹೊಸಾ ಸಾಲು. ಅಗ್ನಿಶಿಲೆ, ಕಾಮಾ, ಜಲಜ ಶಿಲೆ, ಕಾಮಾ, ರೂಪಾಂತರ ಶಿಲೆ. ಕೆಳಗ ಗೆರಿ ಹೊಡೀರಿ."

ನೂರೈವತ್ತು ಸ್ಕೇಲುಗಳು ಒಮ್ಮೆಲೇ ಬೆಂಚು ಕುಟ್ಟುತ್ತವೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕರಲ್ಲಿ ಯಾವುದೋ ಒಂದು ತಾಲೂಕಿನ ಯಾವುದೋ ಒಂದು ಪದವಿ ಕಾಲೇಜು. ಹೆಸರು ಬೇಡ. ಮೊದಲ ವರ್ಷದ ಬಿ.ಎ. ಭೂಗೋಳ ತರಗತಿ. ಎಂಬತ್ತು ಮಂದಿಗೆ ಕಟ್ಟಿದ ಕೋಣೆ. ಮೇಷ್ಟ್ರು ಅತಿಥಿ ಉಪನ್ಯಾಸಕರು. ಅತಿಥಿ ಎಂದರೆ ಮೂರು ದಿನ ಇದ್ದು ಎದ್ದು ಹೋಗುವವನು ಎಂಬುದು ನಮ್ಮ ಕಡೆಯ ಲೆಕ್ಕ. ಇವರು ಹದಿನೈದು ವರ್ಷದಿಂದ ಅತಿಥಿಯಾಗಿಯೇ ಇದ್ದಾರೆ. ನೋಟ್ಸಿನ ಹಾಳೆಗಳು ಅವರಿಗಿಂತ ಹಿರಿಯವು. 2021ರಲ್ಲಿ ದೇಶದಲ್ಲೇ ಮೊದಲು ನಾವೇ ಎಂದು ರಾಜ್ಯ ಹೊಸ ಶಿಕ್ಷಣ ನೀತಿ ತಂದಿತು, 2024ರಲ್ಲಿ ಕೈಬಿಟ್ಟಿತು. ಮೂರು ವರ್ಷದ ಡಿಗ್ರಿ ನಾಲ್ಕಕ್ಕೆ ಹಿಗ್ಗಿ ಮತ್ತೆ ಮೂರಕ್ಕೆ ಕುಗ್ಗಿತು. ಹಾಳೆ ಮಾತ್ರ ಅಲುಗಲಿಲ್ಲ. ಭೂಫಲಕಗಳೂ ವರ್ಷಕ್ಕೆ ಕೆಲವು ಸೆಂಟಿಮೀಟರು ಸರಿಯುತ್ತವೆ.

ಇಷ್ಟು ದೊಡ್ಡ ತರಗತಿಯಲ್ಲಿ ಬರೆಸುವುದೇ ಸರಿಯಾದ ವಿಧಾನ ಎಂದು ನಾನೂ ಒಪ್ಪುತ್ತೇನೆ. ಬರೆಯುವವನಿಗೆ ಮಾತಾಡಲು ಬಾಯಿ ಇರುವುದಿಲ್ಲ. ಬರೆಸುವವನಿಗೆ ಪ್ರಶ್ನೆಯ ಭಯ ಇರುವುದಿಲ್ಲ. ಕೇಳಿದರೂ ಒಂದೇ ಪ್ರಶ್ನೆ: "ಸರ್, ಇದು ಪರೀಕ್ಷಾಕ್ಕ ಬರತೈತೇನ್ರೀ?" ಇಡೀ ಸೆಮಿಸ್ಟರಿನಲ್ಲಿ ತರಗತಿ ಪೂರ್ತಿ ಎಚ್ಚರವಾಗಿದ್ದದ್ದು 'ನಗ್ನೀಕರಣ' ಎಂಬ ಪದ ಬಂದ ದಿನ. ಮಳೆಗಾಳಿಗೆ ನೆಲದ ಮಣ್ಣುಕಲ್ಲು ಸವೆದು ಕೊಚ್ಚಿಹೋಗುವುದಕ್ಕೆ ಹಾಗೆನ್ನುತ್ತಾರೆ ಎಂದು ಮೇಷ್ಟ್ರು ಬಿಡಿಸಿ ಹೇಳಿದರು. ಹಿಂದಿನ ಬೆಂಚು ನಿರಾಶೆಯಿಂದ ಮತ್ತೆ ಮಲಗಿತು.

ರೂಪಾಂತರ ಶಿಲೆಗೆ ಉದಾಹರಣೆ: ಇಟಲಿಯ ಅಮೃತಶಿಲೆ. ಹಾನಗಲ್ಲಿನ ಹುಡುಗ ತಾರಕೇಶ್ವರ ಗುಡಿಯ ಕಂಬಕ್ಕೆ ಒರಗಿ ಕೂತು ಇದನ್ನು ಬಾಯಿಪಾಠ ಮಾಡುತ್ತಾನೆ. ಬೆನ್ನಿಗೆ ತಾಗಿದ್ದು ಬಳಪದ ಕಲ್ಲು, ಅಪ್ಪಟ ರೂಪಾಂತರ ಶಿಲೆ. ಆದರೆ ಬೆನ್ನಿಗೆ ತಾಗಿದ್ದು ಸಿಲೆಬಸ್ಸಿನಲ್ಲಿಲ್ಲ. ನದಿ ಬೆಟ್ಟ ಕೊರೆಯುವುದಕ್ಕೆ ಉದಾಹರಣೆ: ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್. ಹಿರೇಕೆರೂರು ಸೀಮೆಯ ಮಾಸೂರಿನ ಬಳಿ ಕುಮುದ್ವತಿ ನದಿ ಗುಡ್ಡದ ಸಾಲನ್ನು ಸೀಳಿಕೊಂಡೇ ಹೊರಬೀಳುತ್ತದೆ. ಹಿಂದಿನವರು ಅದೇ ಸಂದಿಗೆ ಒಡ್ಡು ಹಾಕಿ ಮದಗದ ಕೆರೆ ಕಟ್ಟಿದರು. ಅವರು ಯಾವ ಕಾಲೇಜಿನಲ್ಲಿ ಓದಿದ್ದರೋ. ರಾಬರ್ಟ್ ಬ್ರೂಸ್ ಫೂಟ್ ಎಂಬ ಸಾಹೇಬ ಈ ಸೀಮೆಯಲ್ಲಿ ಸುತ್ತಾಡಿ, 1880ರ ದಶಕದಲ್ಲಿ ಇಲ್ಲಿನ ಕಲ್ಲುಗಳಿಗೆ ಧಾರವಾಡದ ಹೆಸರನ್ನೇ ಇಟ್ಟ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಈ ಕಲ್ಲುಗಳನ್ನು ಜಗತ್ತಿನ ಭೂವಿಜ್ಞಾನಿಗಳು ಇಂದಿಗೂ ಧಾರವಾಡ ಶಿಲೆ ಎಂದೇ ಕರೆಯುತ್ತಾರೆ. ನಮಗೆ ಧಾರವಾಡ ಎಂದರೆ ಪೇಡೆ.

ಇನ್ನು ಶೈಕ್ಷಣಿಕ ಪ್ರವಾಸ. ಗೊಟಗೋಡಿಯ ರಾಕ್ ಗಾರ್ಡನ್‌ಗೆ ಹೋಗಿಬಂದದ್ದನ್ನು ಭೂವಿಜ್ಞಾನದ ಕ್ಷೇತ್ರ ಅಧ್ಯಯನ ಎಂದು ದಾಖಲಿಸಲಾಗಿದೆ. ಅಲ್ಲಿರುವುದು ಹಳ್ಳಿಯ ಬದುಕಿನ ಆಳೆತ್ತರದ ಸಿಮೆಂಟು ಶಿಲ್ಪಗಳು, ನೋಡಲು ಬಲು ಚೆಂದ. ಹೆಸರಿನಲ್ಲಿ ರಾಕ್ ಇದೆಯಲ್ಲ, ಸಾಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ. ಅರ್ಧ ತರಗತಿಯನ್ನು ಬಿಡಿಗಾಸಿಲ್ಲದೆ ವರದಾ ದಂಡೆಗೆ ಕರೆದೊಯ್ಯಬಹುದು. ಒಯ್ದರೆ ನೋಟ್ಸು ಬರೆಸುವವರು ಯಾರು?

ಬರೆಸಿದ್ದರ ಫಲ ಉತ್ತರಪತ್ರಿಕೆಯಲ್ಲಿ ಕಾಣುತ್ತದೆ. ಒಂದಾನೊಂದು ಕಾಲದಲ್ಲಿ ಭಾರತ, ಆಫ್ರಿಕಾ ಕೂಡಿಕೊಂಡು ಗೊಂಡ್ವಾನಾ ಎಂಬ ಒಂದೇ ಭೂಖಂಡ ಇತ್ತು ಎಂದು ಬರೆಸಲಾಗಿತ್ತು. ಸವಣೂರಿನ ಜಾಣನೊಬ್ಬ ಪುರಾವೆಯನ್ನೂ ಕೊಟ್ಟ: ನಮ್ಮೂರ ದೊಡ್ಡಹುಣಸೆ ಮಠದ ಮರಗಳು ಆಫ್ರಿಕಾದವು, ಭೂಖಂಡ ಸರಿದಾಗ ಮರಗಳೂ ನಿಂತಲ್ಲೇ ನಿಂತು ಜೊತೆಗೆ ಬಂದವು. ಎರಡು ಭೂಖಂಡ ಅಗಲಿ ಹತ್ತು ಕೋಟಿ ವರ್ಷದ ಮೇಲಾಯಿತು. ಮರಗಳನ್ನು ತಂದದ್ದು ಮನುಷ್ಯರೇ. ನನಗೆ ಕೇಳಿದರೆ ಇಡೀ ಕಟ್ಟಿನಲ್ಲಿ ಯೋಚನೆ ಮಾಡಿ ಬರೆದ ಉತ್ತರ ಅದೊಂದೇ. ಸೊನ್ನೆ ಕೊಟ್ಟರು. ಅದನ್ನೇ ಮರುದಿನ ಹಲಗೆಯ ಮೇಲೆ ಬರೆದು "ಇದು ಖರೇನೋ ಸುಳ್ಳೋ, ಬಾಜೂದವನ ಜೋಡಿ ವಾದ ಮಾಡ್ರಿ" ಎಂದಿದ್ದರೆ ಒಂದು ತಾಸು ಸಾಲುತ್ತಿರಲಿಲ್ಲ.

ಹಾಗೆ ಮಾಡುವವರೂ ಇದ್ದಾರೆ. ಹಾರ್ವರ್ಡಿನಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಮೇಷ್ಟ್ರಿಗೆ, ತನ್ನ ವಿದ್ಯಾರ್ಥಿಗಳು ಸೂತ್ರ ಒಪ್ಪಿಸುತ್ತಾರೆ, ಸರಳ ಪ್ರಶ್ನೆಗೆ ತಡವರಿಸುತ್ತಾರೆ ಎಂದು ಗೊತ್ತಾಯಿತು. 1990ರ ದಶಕದ ಆರಂಭದಿಂದ ಅವರು ತುಂಬಿದ ತರಗತಿಗೆ ಒಂದು ಪ್ರಶ್ನೆ ಎಸೆದು, ಪಕ್ಕದವನೊಂದಿಗೆ ಚರ್ಚಿಸಿ ಉತ್ತರ ಹೇಳಿ ಎನ್ನತೊಡಗಿದರು. ಅಲ್ಲಿ ಅದಕ್ಕೆ ಬೋಧನಾ ಪದ್ಧತಿ ಎನ್ನುತ್ತಾರೆ. ಇಲ್ಲಿ ಗದ್ದಲ ಎನ್ನುತ್ತಾರೆ.

ಗದ್ದಲದ ಅನುಭವ ನನಗಿದೆ. ಒಂದು ದಿನದ ವಿಶೇಷ ಉಪನ್ಯಾಸಕ್ಕೆ ಕರೆದಿದ್ದರು. ಚೀಲದಲ್ಲಿ ನಾಲ್ಕು ಕಲ್ಲು ಒಯ್ದಿದ್ದೆ: ರಸ್ತೆಯ ಖಡಿ, ಬಳಪದ ಕಲ್ಲು, ಒಂದು ಬಸಾಲ್ಟ್ ತುಂಡು, ಒಡೆದ ಶಹಾಬಾದಿ ಫರಸಿ. ಕೈಯಿಂದ ಕೈಗೆ ದಾಟಿಸಿ, ನೀರಿನ ಅಡಿಯಲ್ಲಿ ಹುಟ್ಟಿದ್ದು ಯಾವುದು ಹೇಳಿ ಎಂದೆ. ಮೊದಲೆರಡು ನಿಮಿಷ ಮಾರ್ಕು ಹೋದೀತೆಂಬ ಭಯದ ಮೌನ. ಆಮೇಲೆ ನೂರೈವತ್ತು ಬಾಯಿ ತೆರೆದವು. ಅಷ್ಟರಲ್ಲಿ ಒಬ್ಬ ಎದ್ದ: "ಸರ್, ನಮ್ಮ ಹೊಲದಾಗ ಬೋರು ಹೊಡಸುಮುಂದ ಮೊದಲ ಕೆಂಪ ಮಣ್ಣು ಬಂತ್ರಿ, ಆಮ್ಯಾಲೆ ಹಳದಿ ಗರಸು, ಆಮ್ಯಾಲೆ ಬರೇ ಕರೇ ಪುಡಿ. ತಿರುಚೆಂಗೋಡಿನ ಬೋರ್ ಗಾಡ್ಯಾಂವ ಪುಡಿ ಬೆರಳಾಗ ತಿಕ್ಕಿ ನೋಡಿ, ಇನ್ನ ನೀರಿಲ್ಲ, ಸಾಕು ಅಂದ. ಅಂವಗ ಹೆಂಗ ಗೊತ್ತಾತ್ರೀ?" ಶಿಥಿಲೀಕರಣದ ಇಡೀ ಅಧ್ಯಾಯವನ್ನು ಮೇಲಿನಿಂದ ಕೆಳಗೆ, ಪದರ ಪದರವಾಗಿ ಹೇಳಿದ್ದ. ಅದೇ ಅಧ್ಯಾಯದಲ್ಲಿ ಅವನಿಗೆ ಹತ್ತಕ್ಕೆ ಎರಡು ಬಂದಿತ್ತಂತೆ.

ಫರಸಿಯ ಪುಡಿ ಕೆರೆದು ನಿಂಬೆರಸ ಹಿಂಡಿ, ಗುಳ್ಳೆ ಬರುತ್ತದೆಯೇ ನೋಡಿ, ನೀವು ಕಾಲಿಟ್ಟಿರುವ ನೆಲವೂ ಇದೇ ಕಲ್ಲು, ಹಿಂದೊಮ್ಮೆ ಸಮುದ್ರದ ತಳ ಎನ್ನುತ್ತಿದ್ದೆ. ನೂರೈವತ್ತು ತಲೆ ಒಮ್ಮೆಲೇ ಕೆಳಗೆ ಬಾಗಿದವು. ಬಾಗಿಲಲ್ಲಿ ಸಿಪಾಯಿ. "ಸಾಹೇಬ್ರು ಕೇಳಾಕತ್ತಾರ, ಗದ್ಲ ಯಾಕಂತ." ಅವನ ಕಣ್ಣು ಕಲ್ಲಿನ ಮೇಲೆ ಬಿತ್ತು, ನಿಂಬೆಹಣ್ಣಿನ ಮೇಲೆ ಬಿತ್ತು. ಹೊಸ ಮೇಷ್ಟ್ರು ಮಾಟ ಮಾಡಿಸುತ್ತಿದ್ದಾರೆ ಎಂಬ ವರದಿ ಐದು ನಿಮಿಷದಲ್ಲಿ ಆಫೀಸು ಮುಟ್ಟಿತು.

ಬೆಲ್ ಹೊಡೆದ ಮೇಲೆ ಕಲ್ಲು ಎಣಿಸಿದೆ. ನಾಲ್ಕು ಹೋಗಿ ಏಳು ಬಂದಿದ್ದವು. ಮೂರನ್ನು ಕಿಟಕಿಯಾಚೆಯಿಂದ ಯಾರೋ ಎತ್ತಿ ತಂದು ಸೇರಿಸಿದ್ದರು, "ಇದ್ಯಾವ್ದು ಸರ್" ಎಂದು ಕೇಳಲು. ಅಷ್ಟರಲ್ಲಿ ಮುಂದಿನ ಪೀರಿಯಡ್ಡಿನವರು ಬಂದಿದ್ದರು.

ಕಲ್ಲುಗಳನ್ನು ಅಲ್ಲಿಯೇ ಬಿಟ್ಟುಬಂದೆ. ಆಮೇಲೆ ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಸಮಿತಿ ಬರುವ ಸುದ್ದಿ ಬಂತು. ಏಳಕ್ಕೂ ಗಾಜಿನ ಕಪಾಟು ಸಿಕ್ಕಿತು, ಮೇಲೆ ಬೋರ್ಡು: 'ಭೂವಿಜ್ಞಾನ ವಸ್ತುಸಂಗ್ರಹಾಲಯ'. ಕೆಳಗೆ ಗೆರೆ ಹೊಡೆದಿದ್ದಾರೆ. ಕಪಾಟಿಗೆ ಬೀಗ ಇದೆ. ಕೀಲಿ ಸಿಪಾಯಿಯ ಹತ್ತಿರ, ಸಿಪಾಯಿ ರಜೆಯ ಮೇಲೆ.