ಲಕ್ಕೂರು ಬಂದರು: ಒಂದು ಬಹುಶಿಸ್ತೀಯ ಮರುಚಿಂತನೆ

ಅಧ್ಯಾಯ 1: ಪೀಠಿಕೆ, ವ್ಯಾಪ್ತಿ ಮತ್ತು ಮಿತಿ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯನ್ನು ಒಂದು ಬಂದರಾಗಿ ಗ್ರಹಿಸುವ ಪ್ರಯತ್ನ ಕನ್ನಡ ಸಂಸ್ಕೃತಿ ಚಿಂತನೆಯಲ್ಲಿ ಈವರೆಗೆ ನಡೆದಿಲ್ಲ. ಅಲ್ಲಿ ಸಮುದ್ರವಿಲ್ಲ ಎಂಬ ಜಡ ಭೌಗೋಳಿಕ ಪೂರ್ವಗ್ರಹವೇ ಇದಕ್ಕೆ ಕಾರಣ. ಸದರಿ ಪ್ರಬಂಧವು ಆ ಪೂರ್ವಗ್ರಹವನ್ನು ನಿರಚನೆಗೆ ಒಳಪಡಿಸಿ, ‘ಏಕದಿನ ಗ್ರಾಮಾನುಭವ’ವೆಂಬ ಸಮಕಾಲೀನ ವಿದ್ಯಮಾನವನ್ನು ದೇಸಿ ಅನುಸಂಧಾನದ ಬಹುಮುಖಿ ಆಯಾಮಗಳಲ್ಲಿ, ಸ್ಮೃತಿ-ವಿಸ್ಮೃತಿಗಳ ಪರಿಪ್ರೇಕ್ಷ್ಯದಲ್ಲಿ, ಮುತ್ತುಗದ ಎಲೆಯ ಹಿನ್ನೆಲೆಯಲ್ಲಿ ಮುಖಾಮುಖಿಯಾಗಿಸುತ್ತದೆ. ಈ ವಾಕ್ಯದ ಅರ್ಥವೇನೆಂದು ಮಾರ್ಗದರ್ಶಕರೂ ಕೇಳದ ಕಾರಣ ಅದನ್ನು ಇದ್ದಂತೆಯೇ ಉಳಿಸಿಕೊಳ್ಳಲಾಗಿದೆ.

ವ್ಯಾಪ್ತಿ: ಬೆಳಗ್ಗೆ ಹತ್ತರಿಂದ ಸಂಜೆ ಐದು. ಮಿತಿ: ಊಟವಾದ ಮೇಲೆ ಸಂಶೋಧಕನಿಗೆ ಬಂದ ನಿದ್ದೆ.

ಅಧ್ಯಾಯ 2: ಬಂದರಿನ ಲಕ್ಷಣ ನಿರೂಪಣೆ

ಹಡಗು ನಿಲ್ಲುವ ಜಾಗ ಬಂದರು ಎಂಬುದು ಸ್ಥೂಲ ವ್ಯಾಖ್ಯೆ. ಸೂಕ್ಷ್ಮ ವ್ಯಾಖ್ಯೆ ಹೀಗಿದೆ: ಎಲ್ಲಿ ಅಪರಿಚಿತರು ಗುಂಪಾಗಿ ಇಳಿದು, ಎಲ್ಲವನ್ನೂ ಅರಿತು, ಕತ್ತಲಾಗುವ ಮುಂಚೆ ಹೊರಟುಹೋಗುತ್ತಾರೋ ಅದೇ ಬಂದರು. ಮೆಕ್ಸಿಕೋದ ಕೋಜುಮೆಲ್ ದ್ವೀಪದಲ್ಲಿ ಬೆಳಗ್ಗೆ ಇಳಿದ ವಿಹಾರನೌಕೆಯ ಜನ ಟಾಕೊ ತಿಂದು, ಟೋಪಿ ಕೊಂಡು, ಇಡೀ ಮಾಯಾ ನಾಗರಿಕತೆಯನ್ನು ಮುಗಿಸಿ ಸಂಜೆ ಹಡಗು ಹತ್ತುತ್ತಾರೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಇಳಿದವರು ಕದ್ರಿ, ಕುದ್ರೋಳಿ, ಗೇರುಬೀಜದ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಲ್ಲವನ್ನೂ ಅಷ್ಟೇ ಹೊತ್ತಿನಲ್ಲಿ ಪೂರೈಸುತ್ತಾರೆ. 15ನೇ ಶತಮಾನದ ಬಸದಿಗೆ ಸಿಗುವುದು ಅರ್ಧ ಗಂಟೆ. ಲಕ್ಕೂರಿಗೆ ಹಡಗಿಲ್ಲ, ಬೆಂಗಳೂರಿನ ಏಸಿ ಟೆಂಪೋ ಟ್ರಾವೆಲರ್ ಇದೆ. ಮಿಕ್ಕಿದ್ದೆಲ್ಲ ತಾಳೆಯಾಗುತ್ತದೆ.

ಸಮುದ್ರ ಬೇಕೇ ಬೇಕೆಂದು ಹಟ ಹಿಡಿಯುವ ಪರೀಕ್ಷಕರಿಗಾಗಿ ಇನ್ನೊಂದು ಪುರಾವೆ. ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನು ಕೂಡಿಸಿಕೊಂಡು, ಗಡಿಯಾಚೆ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ರಾಶಿ ರಾಶಿ ನೊರೆ ಕಾರುತ್ತದೆ. ನೊರೆಯಿದ್ದಲ್ಲಿ ಅಲೆ, ಅಲೆಯಿದ್ದಲ್ಲಿ ಸಮುದ್ರ. ಸಾಧಿತ.

ಅಧ್ಯಾಯ 3: ಆಹಾರ ಪ್ರವಾಸದ ಆದಿಪುರುಷ

ಪ್ರವಾಸದ ಮೊದಲ ತಾಣ ಇದೇ ಹೋಬಳಿಯ ಚಿಕ್ಕತಿರುಪತಿ. ಇಲ್ಲಿನ ವೆಂಕಟೇಶ್ವರನನ್ನು ಪ್ರತಿಷ್ಠಾಪಿಸಿದವನು ಅಗ್ನಿದೇವನೆಂದು ಸ್ಥಳಪುರಾಣ. ಮಹಾಭಾರತದ ಪ್ರಕಾರ ಶ್ವೇತಕಿ ರಾಜನ ಯಾಗದ ತುಪ್ಪ ಕುಡಿದೂ ಕುಡಿದೂ ಅಗ್ನಿಗೆ ಅಜೀರ್ಣವಾಗಿತ್ತು. ಔಷಧವೆಂದು ಖಾಂಡವವನವನ್ನೇ ತಿಂದ. ಹೊಟ್ಟೆ ಸರಿಯಿಲ್ಲವೆಂದು ಒಂದು ಕಾಡನ್ನೇ ಉಂಡವನನ್ನು ಆಹಾರ ಪ್ರವಾಸೋದ್ಯಮದ ಆದಿಪುರುಷನೆಂದು ಈ ಪ್ರಬಂಧ ಪ್ರತಿಪಾದಿಸುತ್ತದೆ. ಆ ಕಾಡಿನಲ್ಲಿ ಬದುಕಿದ್ದವರ ಅಭಿಪ್ರಾಯ ಪಡೆದ ದಾಖಲೆ ಇಲ್ಲ.

ಎರಡನೇ ತಾಣ ಶಿವಾರಪಟ್ಟಣ. ಕಲ್ಲು ಕೆತ್ತುವವರ ಬದಿಯಲ್ಲಿ ಉಳಿ ಹಿಡಿದು ನಿಂತು ಫೋಟೋ. ಮಾಸ್ತಿ ಗ್ರಾಮವನ್ನು ಪಟ್ಟಿಯಿಂದ ಕೈಬಿಡಲಾಗಿದೆ. 1983ರ ಜ್ಞಾನಪೀಠ ಪಡೆದ ಕತೆಗಾರರ ಹೆಸರಿಗೆ ಅಂಟಿದ ಊರಾದರೂ ಅಲ್ಲಿ ತಿನ್ನುವಂಥ ವಿಶೇಷವೇನೂ ಸಂಘಟಕರ ಕಣ್ಣಿಗೆ ಬಿದ್ದಿಲ್ಲ.

ಅಧ್ಯಾಯ 4: ಆಗಂತುಕರ ವರ್ಗೀಕರಣ

ಮುದ್ದೆಯೊಡನೆ ನಡೆಸುವ ಅನುಸಂಧಾನವನ್ನು ಆಧರಿಸಿ ಆಗಂತುಕರನ್ನು ಏಳು ವರ್ಗಗಳಾಗಿ ವಿಂಗಡಿಸಬಹುದು.

(ಅ) ಚರ್ವಣವಾದಿಗಳು: ಅಗಿಯುತ್ತಾರೆ. ಹಲ್ಲಿಗೆ ಮೆತ್ತಿಕೊಂಡ ಮೇಲೆ ‘ಇದರ ಟೆಕ್ಸ್ಚರ್ ಬೇರೆ ಥರ’ ಎನ್ನುತ್ತಾರೆ.

(ಆ) ನವ-ನುಂಗುವಾದಿಗಳು: ಅಜ್ಜನ ಮನೆಯಲ್ಲಿ ಉಂಡದ್ದನ್ನು ನೆನೆದು ನುಂಗಿ, ಅಜ್ಜನ ಜಮೀನು ಮಾರಿದ್ದನ್ನು ಮಾತ್ರ ನೆನೆಯುವುದಿಲ್ಲ.

(ಇ) ಚಿತ್ರಗ್ರಾಹಿಗಳು: ಉಪ್ಸಾರು ಆರುವತನಕ ಫೋಟೋ ತೆಗೆದು, ಆರಿದೆಯೆಂದು ಬಿಡುತ್ತಾರೆ.

(ಈ) ಇವರು ಮೇಲಿನ ಮೂವರ... ಬಿಡಿ. ಎಲ್ಲರೂ ಒಂದೇ ಬಸ್ಸಿನವರು.

ಅಧ್ಯಾಯ 5: ‘ಅಪ್ಪಟ ಸ್ಥಳೀಯ’ದ ಪ್ರಶ್ನೆ

‘ಇದೆಲ್ಲಾ ಅಪ್ಪಟ ಇಲ್ಲೀದೇನಾ ಅಜ್ಜಿ?’ ಎಂದು ಬಸ್ಸಿನ ಹೆಣ್ಣುಮಗಳೊಬ್ಬಳು ಕೇಳಿದಳು. ‘ಅಂಗಡೀಲಿ ತಂದಿಲ್ಲ ತಾಯಿ, ಹೊಲದ್ದೇ. ತಣ್ಣಗಾಗ್ತದೆ, ಉಣ್ಣು’ ಎಂದಿತು ಬಡಿಸುತ್ತಿದ್ದ ಅಜ್ಜಿ. ಸಿದ್ಧಾಂತದ ದೃಷ್ಟಿಯಿಂದ ಈ ಉತ್ತರ ಅಪೂರ್ಣ. ಸಾರಿಗೆ ಬಿದ್ದ ಟೊಮೇಟೊ ಆಂಡೀಸ್ ಬೆಟ್ಟಗಳ ಕಾಡುಗಿಡವಾಗಿದ್ದು ಮೆಕ್ಸಿಕೋದ ಕಡೆ ಬೆಳೆಯಾದದ್ದು. ಮೆಣಸಿನಕಾಯಿಯೂ ಆ ಕಡೆಯದೇ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಬದುವಿನ ಮುಸುಕಿನ ಜೋಳ ಮೆಕ್ಸಿಕೋದ ಮೂಲ ಅನ್ನ. ಅಲ್ಲಿಯವರು ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದು ರೊಟ್ಟಿ ತಟ್ಟುತ್ತಾರೆ. ಬಾಗಿಲಿಗೆ ಕಟ್ಟಿದ್ದ ಚೆಂಡುಹೂವೂ ಅಲ್ಲಿಯದೇ. ಸತ್ತವರ ಹಬ್ಬಕ್ಕೆ ಅಲ್ಲಿ ದಾರಿತುಂಬ ಅದನ್ನೇ ಚೆಲ್ಲುತ್ತಾರೆ. ಕೊನೆಗೆ ರಾಗಿಯೂ ಪೂರ್ವ ಆಫ್ರಿಕದ ಎತ್ತರದ ಸೀಮೆಯಿಂದ ಸಾವಿರಾರು ವರ್ಷಗಳ ಹಿಂದೆ ಬಂದದ್ದು. ಹೀಗೆ ಎಲೆಯ ಮೇಲಿದ್ದದ್ದರಲ್ಲಿ ಬಹುಪಾಲು ಹೊರಗಿನಿಂದ ಬಂದದ್ದೇ. ಬಂದು ಉಳಿಯಿತು, ಬೆವರು ಕುಡಿಯಿತು, ಆದ್ದರಿಂದ ಊರಿನದಾಯಿತು. ಐದು ಗಂಟೆಗೆ ಹೊರಡುವವರಿಗೆ ಈ ಸೌಲಭ್ಯವಿಲ್ಲ.

ಅಧ್ಯಾಯ 6

ಈ ಅಧ್ಯಾಯಕ್ಕೆ ಶೀರ್ಷಿಕೆ ಹೊಳೆಯಲಿಲ್ಲ. ಊಟ ಮುಗಿಸಿ ಕೈ ತೊಳೆಯುವಾಗ ಆಗಂತುಕರು ಕೇಳಿದ ಪ್ರಶ್ನೆ ಸಂಸ್ಕೃತಿಯದ್ದಲ್ಲ. ‘ಇಲ್ಲಿ ಎಕರೆ ಏನು ರೇಟು ನಡೀತಿದೆ?’ ಎಂದರು. ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು ತಾಲ್ಲೂಕನ್ನು ಸೀಳಿಕೊಂಡು ಹೋದ ಮೇಲೆ ಈ ಪ್ರಶ್ನೆ ಮೊದಲಿಗಿಂತ ಬೇಗ ಬರುತ್ತದೆ. ಕೈ ತೊಳೆದ ನೀರು ಎಷ್ಟು ಅಡಿ ಆಳದಿಂದ ಬಂತೆಂದು ಯಾರೂ ಕೇಳಲಿಲ್ಲ. ನದಿ ಬತ್ತಿದ ಈ ಜಿಲ್ಲೆಯಲ್ಲಿ ಸಾವಿರದೈನೂರು ಅಡಿ ಕೊರೆಸಿ ಬರೀ ದೂಳು ಕಂಡ ರೈತರಿದ್ದಾರೆ. ಅವರು ಮಾಡಿದ ಸಾಲ ಯಾವ ‘ಗ್ರಾಮಾನುಭವ’ದ ಪಟ್ಟಿಯಲ್ಲೂ ಇಲ್ಲ.

2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ದಿನಕ್ಕೆ 440 ದಶಲಕ್ಷ ಲೀಟರ್‌ನ ಯೋಜನೆ. ಬೆಂಗಳೂರು ಬಳಸಿ ಬಿಟ್ಟದ್ದನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುವುದು. ಒಣಗಿದ್ದ ಕೆರೆಗಳು ತುಂಬಿದವು, ಸತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂತು; ಸುಳ್ಳು ಹೇಳಬಾರದು. ಆದರೆ ಮೂರನೇ ಹಂತದ ಶುದ್ಧೀಕರಣ ಮಾಡಿ ಎಂದು ಈ ಜಿಲ್ಲೆಯವರು ಅಂದಿನಿಂದ ಕೂಗುತ್ತಲೇ ಇದ್ದಾರೆ. ನಗರಕ್ಕೆ ಕಾವೇರಿ, ನಮಗೆ ನಗರದ ಬಚ್ಚಲು, ಅದರ ಮೇಲೆ ಬೆಳೆದ ಸೊಪ್ಪಿಗೆ ‘ಆರ್ಗಾನಿಕ್’ ಚೀಟಿ. ಇದನ್ನು ಯಾವ ಪರಿಪ್ರೇಕ್ಷ್ಯದಲ್ಲಿ ಇಟ್ಟು ನೋಡಲಿ ಸ್ವಾಮಿ? ನೀವು ನಮ್ಮ ಕೆರೆ ನೋಡಲು ಬಂದಿರಿ, ನಿಮ್ಮ ಮನೆಯ ಸಿಂಕನ್ನೇ ನೋಡಿ ಹೋದಿರಿ.

ಟೊಮೇಟೊ ತೋಟದಲ್ಲಿ ಆಗಂತುಕರು ಹಣ್ಣು ಕಿತ್ತು ಕೆನ್ನೆಗಿಟ್ಟು ಫೋಟೋ ತೆಗೆಸಿಕೊಂಡರು. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತೆಂದು ದೇಶವೇ ಬೊಬ್ಬೆ ಹಾಕಿತು. ಕೀಳುವ ಕೂಲಿಯೂ ಹುಟ್ಟದೆ ಅದೇ ಹಣ್ಣನ್ನು ರಸ್ತೆಬದಿಗೆ ಸುರಿದ ವರ್ಷಗಳಲ್ಲಿ ಯಾವ ಟೆಂಪೋ ಟ್ರಾವೆಲರೂ ನಿಲ್ಲಲಿಲ್ಲ. ಸುರಿದು ಮನೆಗೆ ಬಂದವನು ಆ ರಾತ್ರಿ ಉಂಡನೋ ಇಲ್ಲವೋ ಎಂಬುದೂ ಆಹಾರ ಸಂಸ್ಕೃತಿಯ ಪ್ರಶ್ನೆಯೇ.

ಅಧ್ಯಾಯ 7: ಫಲಿತಗಳು ಮತ್ತು ಶಿಫಾರಸು

ಒಂದು, ಲಕ್ಕೂರು ಬಂದರಲ್ಲ. ಎರಡು, ಬಂದವರ ಮೇಲೆ ಲಕ್ಕೂರಿಗೆ ಸಿಟ್ಟಿಲ್ಲ. ಹಸಿದು ಬಂದವರಿಗೆ ಇಕ್ಕದೆ ಕಳಿಸುವ ಊರಲ್ಲ ಅದು. ಮೂರು, ಬರುವವರು ಬರಲಿ, ಆದರೆ ಊಟದ ದುಡ್ಡು ಮಧ್ಯದವರ ಖಾತೆಗಲ್ಲದೆ ಬಡಿಸಿದ ಅಜ್ಜಿಯ ಕೈಗೆ ಕೊಡಲಿ. ಎಕರೆಯ ರೇಟು ಕೇಳುವ ಬದಲು ಇವತ್ತು ಬಾಕ್ಸು ಎಷ್ಟಕ್ಕೆ ಹೋಯಿತೆಂದು ಕೇಳಲಿ. ನಾಲ್ಕು, ಬೆಂಗಳೂರಿನ ಓದುಗರಲ್ಲಿ ಅರಿಕೆ: ನಿಮ್ಮ ಮನೆಯ ನೀರು ನಮ್ಮ ಕೆರೆ ಸೇರುವ ಮೊದಲು ಇನ್ನೊಂದು ಹಂತ ಶುದ್ಧವಾಗಲೆಂದು ನಿಮ್ಮ ಶಾಸಕರನ್ನು ನೀವೂ ಒಮ್ಮೆ ಕೇಳಿ, ನಾವು ಕೇಳಿ ಕೇಳಿ ಸಾಕಾಗಿದೆ. ಸಂಸ್ಕೃತಿ ನೋಡಲು ಆಮೇಲೆ ಬನ್ನಿ. ಮುದ್ದೆ ಎಲ್ಲಿಗೂ ಓಡಿಹೋಗುವುದಿಲ್ಲ.